ಒಂದೇ ಕಂಬದ ಮರದ ಮೇಜು: ಲೇತ್ ಇಲ್ಲದೆ, ಕೈ ಉಪಕರಣಗಳಲ್ಲೇ

ನಾಲ್ಕು ಕಾಲಿನ ಮೇಜು ಮಾಡುವವರಿಗೆ ಮೇಜು ಬಿದ್ದೀತು ಅನ್ನುವ ಚಿಂತೆ ಇರುವುದಿಲ್ಲ. ನಾಲ್ಕು ಮೂಲೆಗೆ ನಾಲ್ಕು ಕಾಲು ಕೊಟ್ಟರೆ ಅದು ತಾನಾಗೇ ನಿಲ್ಲುತ್ತದೆ. ನಡುವೆ ಒಂದೇ ಕಂಬ, ಕೆಳಗೆ ಮೂರು ಪುಟ್ಟ ಕಾಲು, ಮೇಲೆ ದುಂಡು ಹಲಗೆ ಇರುವ ಮೇಜಿನ ಕತೆ ಬೇರೆ. ಇಲ್ಲಿ ಎರಡು ಕಡೆ ಮಾತ್ರ ಎಡವಟ್ಟಾಗಬಹುದು. ಒಂದು, ಕಾಲುಗಳು ಎಷ್ಟು ದೂರ ಚಾಚಿವೆ ಅನ್ನುವುದು. ಇನ್ನೊಂದು, ಕಾಲು ಕಂಬಕ್ಕೆ ಸೇರುವ ಜಾಗ. ಇವೆರಡು ಸರಿಯಾದರೆ ಮಿಕ್ಕಿದ್ದೆಲ್ಲ ಸಾವಧಾನವಾಗಿ ಮಾಡಬಹುದಾದ ಕೆಲಸ. ಹಾಗಾಗಿ ಈ ಲೇಖನದಲ್ಲೂ ಹೆಚ್ಚಿನ ಮಾತು ಆ ಎರಡರ ಬಗ್ಗೆಯೇ.

ಇಂಥ ಮೇಜಿನ ಕಂಬವನ್ನು ಸಾಮಾನ್ಯವಾಗಿ ಲೇತ್‌ನಲ್ಲಿ (ಮರವನ್ನು ಗರಗರ ತಿರುಗಿಸುವ ಯಂತ್ರ) ದುಂಡಗೆ ಕಡೆಯುತ್ತಾರೆ. ನಾವು ಕಡೆಯುವುದಿಲ್ಲ. ಹತ್ತರಿ ಹಿಡಿದು ಆರು ಮುಖದ ಕಂಬ ಮಾಡೋಣ. ಲೇತ್ ಇಲ್ಲದವರಿಗೆ ಇದು ಸುಲಭ, ಅದೊಂದು ಕಾರಣ. ಆದರೆ ಲೇತ್ ಇದ್ದರೂ ನಾನು ಆರು ಮುಖವನ್ನೇ ಆರಿಸುತ್ತೇನೆ. ಮೂರು ಕಾಲಿಗೆ ಮೂರು ಚಪ್ಪಟೆ ಮುಖ ಸಿಗುತ್ತದೆ, ಅವುಗಳ ನಡುವಿನ ಕೋನ ತಾನಾಗೇ 120 ಡಿಗ್ರಿ ಆಗಿರುತ್ತದೆ. ದುಂಡು ಕಂಬದಲ್ಲಾದರೆ ಕಾಲು ಕೂರುವ ಜಾಗವನ್ನು ಬೇರೆಯಾಗಿ ಚಪ್ಪಟೆ ಮಾಡಬೇಕು, ಇಲ್ಲವೇ ಕಾಲಿನ ತುದಿಯನ್ನು ಕಂಬದ ದುಂಡಿಗೆ ಹೊಂದುವಂತೆ ಕೊರೆಯಬೇಕು. ಎರಡೂ ತಲೆನೋವೇ.

ಮೊದಲು ಬೀಳುವ ಲೆಕ್ಕ

ಮೂರು ಕಾಲಿನ ಮೇಜು ಎಂಥ ಏರುಪೇರು ನೆಲದಲ್ಲೂ ಅಲ್ಲಾಡುವುದಿಲ್ಲ. ಅದು ಅದರ ದೊಡ್ಡ ಗುಣ. ಆದರೆ ಎರಡು ಕಾಲುಗಳ ನಡುವಿನ ಜಾಗ ಅದರ ದೌರ್ಬಲ್ಯ. ಮೇಲಿನಿಂದ ನೋಡಿ, ಎರಡು ಪಾದಗಳ ತುದಿಯನ್ನು ಒಂದು ನೇರ ಗೆರೆಯಿಂದ ಸೇರಿಸಿ. ಮೇಜು ಬೀಳುವಾಗ ಆ ಗೆರೆಯ ಮೇಲೆ ಮಗುಚಿ ಬೀಳುತ್ತದೆ. ಮೂರು ಕಾಲಿದ್ದಾಗ ಆ ಗೆರೆ ನಡುಬಿಂದುವಿನಿಂದ ಎಷ್ಟು ದೂರ ಗೊತ್ತಾ? ಪಾದ ಇರುವ ದೂರದ ಸರಿಯಾಗಿ ಅರ್ಧ. ನಾಲ್ಕು ಕಾಲಾದರೆ ಅದು ಸುಮಾರು 0.7 ಪಾಲು, ಐದಾದರೆ 0.8.

ಒಂದು ಉದಾಹರಣೆ ಹಾಕೋಣ. ಮೇಲ್ಹಲಗೆಯ ಅಡ್ಡಳತೆ 460 ಮಿಮೀ, ಅಂದರೆ ನಡುವಿನಿಂದ ಅಂಚಿಗೆ 230. ಪಾದದ ತುದಿ ನಡುವಿನಿಂದ 240 ಮಿಮೀ ದೂರದಲ್ಲಿದೆ. ಮಗುಚುವ ಗೆರೆ 120 ಮಿಮೀ ದೂರದಲ್ಲಿ ಬಂತು. ಹಲಗೆ ಆ ಗೆರೆಯಿಂದ ಆಚೆಗೆ 110 ಮಿಮೀ ಚಾಚಿಕೊಂಡಿದೆ. ಮೇಜಿನ ಒಟ್ಟು ತೂಕ 5 ಕೆಜಿ ಅಂತಿಟ್ಟುಕೊಳ್ಳಿ. 5ನ್ನು 120ರಿಂದ ಗುಣಿಸಿ 110ರಿಂದ ಭಾಗಿಸಿದರೆ ಸುಮಾರು 5.5 ಕೆಜಿ. ಅಂದರೆ ಎರಡು ಕಾಲುಗಳ ನಡುವೆ, ಅಂಚಿನಲ್ಲಿ ಅದಕ್ಕಿಂತ ಜಾಸ್ತಿ ಭಾರ ಬಿದ್ದರೆ ಮೇಜು ಮಗುಚುತ್ತದೆ. ಪುಸ್ತಕ, ದೀಪ, ಲೋಟ ಇಡುವುದಕ್ಕೆ ಇದು ಸಾಕು. ಕೈಯೂರಿ ಎದ್ದು ನಿಲ್ಲುವುದಕ್ಕೆ ಸಾಲದು.

ಅದೇ ಅಳತೆಗೆ ನಾಲ್ಕು ಕಾಲು ಕೊಟ್ಟರೆ ಗೆರೆ 170 ಮಿಮೀಗೆ ಹೋಗುತ್ತದೆ. ಆಗ ತಡೆಯುವ ಭಾರ ಸುಮಾರು 14 ಕೆಜಿ. ಒಂದು ಕಾಲು ಹೆಚ್ಚಿಸಿದ್ದಕ್ಕೆ ಇಷ್ಟು ಲಾಭ. ಹಾಗಾಗಿ ಊಟದ ಮೇಜು ಮಾಡುವುದಾದರೆ ಮೂರು ಕಾಲಿನ ಯೋಚನೆ ಬಿಟ್ಟುಬಿಡಿ. ನಾಲ್ಕೇ ಇರಲಿ, ಕಂಬವೂ ನಾಲ್ಕು ಇಲ್ಲವೇ ಎಂಟು ಮುಖದ್ದಾಗಲಿ. ಪುಟ್ಟ ಮಕ್ಕಳು ಹಿಡಿದು ನಿಲ್ಲುವ ಜಾಗದಲ್ಲೂ ಅಷ್ಟೇ.

1957ರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಈರೋ ಸಾರಿನೆನ್ ವಿನ್ಯಾಸ ಮಾಡಿದ ಒಂದೇ ಕಾಲಿನ ಮೇಜುಗಳನ್ನು ನೀವು ಚಿತ್ರದಲ್ಲಾದರೂ ನೋಡಿರಬಹುದು. ಅವುಗಳ ಬುಡ ಸಣ್ಣ ತಟ್ಟೆಯ ಹಾಗಿದ್ದರೂ ನಿಲ್ಲುತ್ತವೆ, ಯಾಕೆಂದರೆ ಬುಡ ಎರಕ ಹೊಯ್ದ ಲೋಹದ್ದು. ಮರದಲ್ಲಿ ಆ ತೂಕ ಸಿಗುವುದಿಲ್ಲ. ತೂಕ ಇಲ್ಲದಿದ್ದರೆ ಚಾಚು ಬೇಕು. ನನ್ನ ನಿಯಮ ಸರಳ: ಪಾದಗಳು ಹಲಗೆಯ ಅಂಚಿನ ನೇರಕ್ಕೆ ಬರಲಿ, ಬೇಕಿದ್ದರೆ ಒಂದು ಸೆಂಟಿಮೀಟರ್ ಆಚೆ ಇರಲಿ. ಅದಕ್ಕಿಂತ ಆಚೆ ಚಾಚಿದರೆ ಓಡಾಡುವವರ ಕಾಲಿಗೆ ತಗಲುತ್ತದೆ.

ಅಳತೆ, ಪೂರ್ತಿ ಗಾತ್ರದ ಚಿತ್ರ

ಇಲ್ಲಿ ಮಾಡುವುದು ಸೋಫಾ ಪಕ್ಕ ಇಡುವಂಥ ಮೇಜು. ಎತ್ತರ 640 ಮಿಮೀ. ಬೇಕಾಗುವ ತುಂಡುಗಳು ಇವು:

ಮೇಲ್ಹಲಗೆ: 20 ಮಿಮೀ ದಪ್ಪ, 460 ಅಡ್ಡಳತೆ. ಮೂರು ನಾಲ್ಕು ಹಲಗೆ ಅಂಟಿಸಿ ಮಾಡುವುದು.
ಕಂಬ: 35 ಮಿಮೀ ದಪ್ಪ, 81 ಅಗಲ, 550 ಉದ್ದದ ಎರಡು ಹಲಗೆ.
ಕಾಲು: 28 ಮಿಮೀ ದಪ್ಪ, 110 ಅಗಲ, 320 ಉದ್ದದ ಮೂರು ತುಂಡು.
ಅಡ್ಡಪಟ್ಟಿ: 25 ಮಿಮೀ ದಪ್ಪ, 90 ಅಗಲ, 300 ಉದ್ದ, ಒಂದು. ಕಂಬಕ್ಕೂ ಮೇಲ್ಹಲಗೆಗೂ ನಡುವೆ ಕೂರುವುದು.

ಮರಕ್ಕೆ ಕೈ ಹಾಕುವ ಮೊದಲು ಒಂದು ಪ್ಲೈವುಡ್ ತುಂಡಿನ ಮೇಲೆ ಮೇಜಿನ ಅರ್ಧ ಭಾಗವನ್ನು ಪೂರ್ತಿ ಗಾತ್ರದಲ್ಲಿ ಬರೆಯಿರಿ. ನಡುಗೆರೆ, ನೆಲದ ಗೆರೆ, ಕಂಬ, ಒಂದು ಕಾಲು, ಹಲಗೆಯ ಅರ್ಧ. ಕಂಬದ ಬುಡ ನೆಲದಿಂದ 100 ಮಿಮೀ ಮೇಲಿರಲಿ. ಕಾಲು ಕಂಬಕ್ಕೆ ಅಂಟುವ ಉದ್ದ 90 ಮಿಮೀ. ಇವನ್ನು ಗುರುತಿಸಿದ ಮೇಲೆ ಕಾಲಿನ ಬಾಗು ಹೇಗಿರಬೇಕು ಅನ್ನುವುದನ್ನು ಕೈಯಲ್ಲೇ ಎಳೆಯಿರಿ, ಅಳಿಸಿ, ಮತ್ತೆ ಎಳೆಯಿರಿ. ಕಂಪ್ಯೂಟರಿನಲ್ಲಿ ಚೆಂದ ಕಂಡ ಬಾಗು ಪೂರ್ತಿ ಗಾತ್ರದಲ್ಲಿ ಎಷ್ಟೋ ಸಲ ಒಡ್ಡೊಡ್ಡಾಗಿ ಕಾಣುತ್ತದೆ. ಚಿತ್ರವನ್ನು ಗೋಡೆಗೆ ಒರಗಿಸಿ, ಕೋಣೆಯ ಇನ್ನೊಂದು ತುದಿಯಿಂದ ನೋಡಿ. ಕಾಲು ದಪ್ಪ ಅನ್ನಿಸಿದರೆ ಪಾದದ ಕಡೆ ಸಣ್ಣ ಮಾಡಿ, ಕಂಬದ ಕಡೆ ಮುಟ್ಟಬೇಡಿ.

ಮರ

ತೇಗ, ಓಕ್, ಮಹಾಗನಿ, ವಾಲ್ನಟ್, ಹಲಸು ಯಾವುದಾದರೂ ಆದೀತು. ತೀರಾ ಮೆತ್ತನೆಯ ಮರ ಬೇಡ, ಕಾಲಿನ ಜೋಡಣೆ ಸವೆದು ಸಡಿಲವಾಗುತ್ತದೆ. ಮರ ಒಣಗಿರಬೇಕು, ತಂದ ಮೇಲೂ ಎರಡು ಮೂರು ವಾರ ಮೇಜು ಇರುವ ಕೋಣೆಯಲ್ಲೇ ಇಟ್ಟಿರಬೇಕು.

ಕಂಬಕ್ಕೆ ಒಂದೇ ದಪ್ಪ ದಿಮ್ಮಿ ಹುಡುಕಬೇಡಿ. 80 ಮಿಮೀ ದಪ್ಪದ ಮರ ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿಯಾಗಿರಬಹುದು. ಆಮೇಲೆ ಒಣಗುತ್ತಾ ಸೀಳು ಬಿಡುತ್ತದೆ. ಎರಡು ಹಲಗೆ ಅಂಟಿಸುವುದೇ ವಾಸಿ. ಅಂಟಿನ ಗೆರೆ ಕಾಣುತ್ತಲ್ಲಾ ಅಂತ ಅಂದುಕೊಂಡಿರಾ? ಆರು ಮುಖದ ಕಂಬದಲ್ಲಿ ಅದನ್ನು ಅಡಗಿಸಲು ಒಂದು ದಾರಿ ಇದೆ, ಈಗ ಬರುತ್ತೇನೆ.

ಕಂಬ

35 ಮಿಮೀ ದಪ್ಪದ ಎರಡು ಹಲಗೆಗಳನ್ನು ಅಂಟಿಸಿದರೆ 81 ಅಗಲ, 70 ದಪ್ಪದ ತುಂಡು ಸಿಗುತ್ತದೆ. 70 ಮಿಮೀಯ ಎರಡು ಪಕ್ಕಗಳಲ್ಲಿ ಅಂಟಿನ ಗೆರೆ ಸರಿಯಾಗಿ ನಡುವೆ ಬಂದಿರುತ್ತದೆ. ಇನ್ನು 81 ಮಿಮೀಯ ಎರಡು ಮುಖಗಳಲ್ಲಿ, ಪ್ರತಿ ಅಂಚಿನಿಂದ 20 ಮಿಮೀ ಒಳಗೆ ಉದ್ದಕ್ಕೂ ಗೆರೆ ಹಾಕಿ. ಅಷ್ಟೇ ಗುರುತು. ಈ ಗೆರೆಯಿಂದ ಪಕ್ಕದ ಅಂಟಿನ ಗೆರೆಯವರೆಗೆ ಮೂಲೆಯನ್ನು ಹತ್ತರಿಯಿಂದ ಇಳಿಸಿ. ನಾಲ್ಕು ಮೂಲೆ ಇಳಿದಾಗ ಆರು ಮುಖ ತಯಾರು. ಅಂಟಿನ ಗೆರೆ ಈಗ ಸರಿಯಾಗಿ ಎರಡು ಏಣುಗಳ ಮೇಲೆ ಕೂತಿರುತ್ತದೆ. ಹುಡುಕಿದರೂ ಸಿಗುವುದಿಲ್ಲ.

ಗುರುತು ಸರಿಯಾಗಿದೆಯೇ ಅಂತ ತುದಿಯಲ್ಲಿ ಪರೀಕ್ಷೆ ಮಾಡಬಹುದು. ನಡುಬಿಂದುವಿನಲ್ಲಿ ಕೈವಾರ ಊರಿ, ಸುಮಾರು 40 ಮಿಮೀ ತ್ರಿಜ್ಯದಲ್ಲಿ ವೃತ್ತ ಎಳೆಯಿರಿ. ಕೈವಾರದ ಅಗಲ ಬದಲಿಸದೆ ವೃತ್ತದ ಮೇಲೆ ಹೆಜ್ಜೆ ಹಾಕುತ್ತಾ ಹೋದರೆ ಆರನೇ ಹೆಜ್ಜೆ ಹೊರಟ ಜಾಗಕ್ಕೇ ಬರುತ್ತದೆ. ಆ ಆರು ಬಿಂದುಗಳೇ ಆರು ಏಣು.

ಮೂಲೆ ಇಳಿಸುವಾಗ ಕಂಬ ಉರುಳುತ್ತದೆ. ಎರಡು ಮರದ ತುಂಡುಗಳಲ್ಲಿ ವಿ ಆಕಾರದ ಕಚ್ಚು ಕೊರೆದು, ಬೆಂಚಿಗೆ ಸ್ಕ್ರೂ ಹಾಕಿ, ಅದರಲ್ಲಿ ಕಂಬ ಕೂರಿಸಿ. ಮೊದಮೊದಲು ದೊಡ್ಡ ಸುರುಳಿ ತೆಗೆದರೂ ಪರವಾಗಿಲ್ಲ. ಗೆರೆಯ ಹತ್ತಿರ ಬಂದಾಗ ಅಲಗನ್ನು ಹಿಂದೆ ಸರಿಸಿ, ತೆಳ್ಳಗೆ ಹೊಡೆಯಿರಿ. ಎರಡೂ ಗೆರೆಗಳು ಒಟ್ಟಿಗೆ ಅರ್ಧ ಅಳಿದರೆ ಮುಖ ಸರಿಯಾಗಿದೆ ಅಂತ. ಒಂದು ಗೆರೆ ಪೂರ್ತಿ ಹೋಗಿ ಇನ್ನೊಂದು ಹಾಗೇ ಉಳಿದಿದ್ದರೆ ಹತ್ತರಿ ವಾಲಿದೆ.

ನೇರ ಕಂಬ ಭಾರವಾಗಿ ಕಾಣುತ್ತದೆ. ಮೇಲೆ ಹೋಗುತ್ತಾ ಸಣ್ಣಗಾದರೆ ಚೆಂದ. ಬುಡದಿಂದ 110 ಮಿಮೀವರೆಗೆ ಮುಟ್ಟಬೇಡಿ, ಅಲ್ಲಿ ಕಾಲು ಕೂರಬೇಕು. ಅಲ್ಲಿಂದ ಮೇಲಕ್ಕೆ ಆರೂ ಮುಖಗಳನ್ನು ಇಳಿಸುತ್ತಾ, ತುದಿಯಲ್ಲಿ ಎದುರುಬದುರು ಮುಖಗಳ ನಡುವೆ 50 ಮಿಮೀ ಉಳಿಯುವ ಹಾಗೆ ಮಾಡಿ. ಪ್ರತಿ ಮುಖದಲ್ಲೂ ಮೇಲ್ತುದಿಯ ಹತ್ತಿರ ಗಿಡ್ಡ ಹೊಡೆತದಿಂದ ಶುರು ಮಾಡಿ, ಪ್ರತಿ ಸಲ ಸ್ವಲ್ಪ ಕೆಳಗಿನಿಂದ ಹೊಡೆಯಿರಿ. ಇಳಿಜಾರು ತಾನಾಗೇ ಬರುತ್ತದೆ. ಏಣುಗಳನ್ನು ಈಗಲೇ ಉಪ್ಪುಕಾಗದದಿಂದ ಉಜ್ಜಬೇಡಿ. ಆರು ಏಣು ಚೂಪಾಗಿ, ನೇರವಾಗಿ ಓಡಿದರೇ ಈ ಕಂಬಕ್ಕೆ ಅಂದ.

ಮೇಲ್ತುದಿಯಲ್ಲಿ ಅಡ್ಡಪಟ್ಟಿಯೊಳಗೆ ಹೋಗಲು 32 ಮಿಮೀ ಚೌಕದ, 27 ಮಿಮೀ ಉದ್ದದ ಗೂಟ ಬಿಡಿಸಿ. ಕಂಬದ ಮೈ, ಅಂದರೆ ಗೂಟದ ಹೆಗಲಿನಿಂದ (ಗೂಟ ಶುರುವಾಗುವ ಮೆಟ್ಟಿಲಿನಿಂದ) ಬುಡದವರೆಗೆ, 495 ಮಿಮೀ ಇರಬೇಕು. ದುಂಡು ಗೂಟ ಬೇಡ. ಕೈ ಉಪಕರಣದಲ್ಲಿ ಚೌಕದ ಗೂಟ ಸುಲಭ, ತಿರುಗುವುದೂ ಇಲ್ಲ.

ಕಾಲಿನ ಎಳೆ ಯಾವ ಕಡೆ ಓಡಬೇಕು

ಕಾಲನ್ನು ಹಲಗೆಯಿಂದ ಬಿಡಿಸುವಾಗ ಮರದ ಎಳೆ ಕಂಬದಿಂದ ಪಾದದ ಕಡೆಗೆ, ಇಳಿಜಾರಿನ ಜೊತೆಗೇ ಓಡಬೇಕು. ಎಳೆ ನೆಲಕ್ಕೆ ಸಮನಾಗಿಯೋ ನೆಟ್ಟಗೋ ಇದ್ದರೆ ಕಾಲಿನ ಸಣ್ಣ ಭಾಗದಲ್ಲಿ ಎಳೆಗಳು ಅಡ್ಡ ಬೀಳುತ್ತವೆ. ಅಲ್ಲಿ ಕಾಲು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ನಮ್ಮ ಅಳತೆಗೆ ಇಳಿಜಾರು ಸುಮಾರು 32 ಡಿಗ್ರಿ. ಪೂರ್ತಿ ಗಾತ್ರದ ಚಿತ್ರದಿಂದ ಕಾಲಿನ ಆಕಾರವನ್ನು ಗಟ್ಟಿ ರಟ್ಟಿಗೆ ಇಳಿಸಿ, ಕತ್ತರಿಸಿ, ಅಚ್ಚು ಮಾಡಿಕೊಳ್ಳಿ. ಅಚ್ಚಿನ ಮೇಲೆ ಎಳೆಯ ದಿಕ್ಕಿಗೆ ಒಂದು ಬಾಣವನ್ನೂ ಬರೆದುಬಿಡಿ. ಬಾಗು ಜಾಸ್ತಿ ಇದ್ದಷ್ಟೂ ಎಲ್ಲೋ ಒಂದು ಕಡೆ ಎಳೆ ಅಡ್ಡ ಆಗಿಯೇ ಆಗುತ್ತದೆ, ಹಾಗಾಗಿ ಬಾಗು ಮಿತವಾಗಿರಲಿ.

ಕಾಲಿನ ಆಕಾರವನ್ನು ಈಗಲೇ ಕತ್ತರಿಸಬೇಡಿ. ಮೊದಲು ಜೋಡಣೆ, ಆಮೇಲೆ ಆಕಾರ. ಹಲಗೆಯ ಅಂಚು ನೇರ ಇರುವಾಗ ಅಳತೆ ಹಿಡಿಯುವುದೂ ಬೆಂಚಿಗೆ ಬಿಗಿಯುವುದೂ ಸಲೀಸು. ಬಾಗಿಸಿದ ಮೇಲೆ ಅದನ್ನು ಹಿಡಿಯುವುದೇ ಕಷ್ಟ.

ಡವ್‌ಟೇಲ್: ನಿಧಾನ ಮಾಡಬೇಕಾದ ಜಾಗ

ಮೇಜಿನ ಮೇಲೆ ಭಾರ ಬಿದ್ದಾಗ ಕಾಲು ಏನು ಮಾಡುತ್ತದೆ ಅಂತ ಸ್ವಲ್ಪ ಯೋಚನೆ ಮಾಡಿ. ಕಂಬ ಕೆಳಗೆ ತಳ್ಳುತ್ತದೆ, ನೆಲ ಪಾದವನ್ನು ಮೇಲಕ್ಕೆ ತಳ್ಳುತ್ತದೆ. ಕಾಲು ತಿರುಗಲು ನೋಡುತ್ತದೆ. ಜೋಡಣೆಯ ಮೇಲ್ಭಾಗ ಕಂಬಕ್ಕೆ ಒತ್ತಿಕೊಳ್ಳುತ್ತದೆ, ಕೆಳಭಾಗ ಕಂಬದಿಂದ ಕಿತ್ತುಕೊಂಡು ಬರಲು ಎಳೆಯುತ್ತದೆ. ಬರೀ ಅಂಟು, ಸ್ಕ್ರೂ, ಡೋವೆಲ್ (ದುಂಡು ಮರದ ಕಡ್ಡಿ) ಹಾಕಿದ ಮೇಜುಗಳು ಕೆಲವು ವರ್ಷಕ್ಕೆ ಬುಡದಲ್ಲಿ ಬಾಯಿ ಬಿಡುವುದು ಇದಕ್ಕೇ. ಕೆಳಗಿನಿಂದ ಜಾರಿಸಿ ಕೂರಿಸುವ ಡವ್‌ಟೇಲ್ ಈ ಎಳೆತವನ್ನು ಮರದಿಂದಲೇ ತಡೆಯುತ್ತದೆ. ಕಾಲಿನ ತುದಿಯಲ್ಲಿ ಬಾಲದಂಥ ಚಾಚು, ಕಂಬದಲ್ಲಿ ಅದು ಕೂರುವ ತೋಡು. ಬಾಲ ಒಳಗೆ ಅಗಲ, ಹೊರಗೆ ಸಣ್ಣ. ಹೊರಕ್ಕೆ ಬರಲು ದಾರಿಯೇ ಇಲ್ಲ. 18ನೇ ಶತಮಾನದ ಇಂಗ್ಲಿಷ್ ಮೂರು ಕಾಲಿನ ಮೇಜುಗಳಲ್ಲೂ ಅಮೆರಿಕದ ಶೇಕರ್ ಪಂಥದವರು ಮಾಡುತ್ತಿದ್ದ ದುಂಡು ಸ್ಟ್ಯಾಂಡ್‌ಗಳಲ್ಲೂ ಇದೇ ಜೋಡಣೆ ಸಿಗುತ್ತದೆ.

ಬಾಲವನ್ನು ಮೊದಲು ಮಾಡಿ. ಅಚ್ಚು ಇಟ್ಟು, ಕಂಬಕ್ಕೆ ತಾಗುವ ಗೆರೆಯನ್ನು ಕಾಲಿನ ಎರಡೂ ಮುಖಕ್ಕೆ ಚಾಕುವಿನಿಂದ ಗೀಚಿ. ಅದರಾಚೆ 14 ಮಿಮೀ ಬಾಲಕ್ಕೆ ಬಿಡಿ. 28 ಮಿಮೀ ದಪ್ಪದಲ್ಲಿ ಬಾಲದ ತುದಿ 20 ಮಿಮೀ, ಬುಡ 16 ಮಿಮೀ. ಅಂದರೆ ಎರಡೂ ಕಡೆ ಹೆಗಲಿನ ಗೆರೆಯಲ್ಲಿ 6 ಮಿಮೀ ಆಳ ಗರಗಸ ಹಾಕಿ, ತುದಿಯ ಕಡೆಗೆ 4 ಮಿಮೀಗೆ ಬರುವಂತೆ ಉಳಿಯಿಂದ ಇಳಿಸಬೇಕು. ಈ ಇಳಿಜಾರು 7ಕ್ಕೆ 1, ಸುಮಾರು 8 ಡಿಗ್ರಿ. ಇಳಿಜಾರು ತೀರಾ ಜಾಸ್ತಿ ಕೊಟ್ಟರೆ ಬಾಲದ ಮೂಲೆ ಚಕ್ಕೆ ಏಳಬಹುದು. ಬಾಲದ ಮೇಲ್ತುದಿಯಿಂದ 8 ಮಿಮೀ ಕತ್ತರಿಸಿ ತೆಗೆಯಿರಿ. ಆಗ ಕಾಲಿನ ಮೈ ತೋಡಿನ ಮೇಲ್ತುದಿಯನ್ನು ಮುಚ್ಚುತ್ತದೆ, ಹೊರಗೆ ಬರೀ ನೇರ ಗೆರೆ ಕಾಣುತ್ತದೆ. ಬಾಲದ ಉದ್ದ ಈಗ 82 ಮಿಮೀ.

ಮೂರೂ ಬಾಲಗಳು ಒಂದೇ ಥರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕಾಲುಗಳಿಗೆ 1, 2, 3 ಅಂತ ನಂಬರ್ ಹಾಕಿ. ಕಂಬದ ಆರು ಮುಖಗಳಲ್ಲಿ ಒಂದು ಬಿಟ್ಟು ಒಂದು ಮುಖಕ್ಕೂ ಅದೇ ನಂಬರ್ ಹಾಕಿ. ಕಂಬವನ್ನು ತಲೆಕೆಳಗಾಗಿ ನಿಲ್ಲಿಸಿ ಬಿಗಿಯಿರಿ. ಕಾಲನ್ನೂ ತಲೆಕೆಳಗು ಹಿಡಿದು, ಬಾಲದ ಮೇಲ್ತುದಿಯನ್ನು ಕಂಬದ ಬುಡದ ಮೇಲಿಡಿ. ಹೆಗಲು ಕಂಬದ ಮುಖಕ್ಕೆ ಸಮನಾಗಿ, ಮುಖದ ನಡುಗೆರೆಗೆ ಸರಿಯಾಗಿ ಕೂರಲಿ. ಬಾಲದ ಸುತ್ತ ಚೂಪು ಚಾಕುವಿನಿಂದ ಗೀಚಿ. ಪೆನ್ಸಿಲ್ ಬೇಡ, ಅದರ ಗೆರೆಯ ದಪ್ಪವೇ ಜೋಡಣೆಯನ್ನು ಸಡಿಲ ಮಾಡಿಬಿಡುತ್ತದೆ. ಮುಖದ ಮೇಲೆ ತೋಡಿನ ಬಾಯಿ 16 ಮಿಮೀ ಅಗಲ, 82 ಮಿಮೀ ಉದ್ದ ಗುರುತಿಸಿ.

ಈಗ ತೋಡು. ಬೈರಿಗೆಗೆ 14 ಮಿಮೀ ಬಿಟ್ ಹಾಕಿ, 13 ಮಿಮೀ ಆಳಕ್ಕೆ ಟೇಪ್ ಸುತ್ತಿ, ನಡುಗೆರೆಯಲ್ಲಿ ಸಾಲಾಗಿ ತೂತು ಕೊರೆಯಿರಿ. ನಡುವಿನ ಮರವನ್ನು ಉಳಿ, ಕೊಡತಿಯಿಂದ ತೆಗೆದು ನೆಟ್ಟನೆ ಗೋಡೆಯ ತೋಡು ಮಾಡಿಕೊಳ್ಳಿ. ಆಮೇಲೆ ಬುಡದ ಕಡೆಯಿಂದ ಗರಗಸವನ್ನು ಗೀಚಿದ ಗೆರೆಗೆ ಓರೆಯಾಗಿ ಹಿಡಿದು ಎರಡೂ ಗೋಡೆ ಕೊಯ್ಯಿರಿ. ಮೇಲ್ತುದಿ ಮುಚ್ಚಿರುವುದರಿಂದ ಗರಗಸ ಪೂರ್ತಿ ಹೋಗುವುದಿಲ್ಲ, ಅರ್ಧದವರೆಗೆ ಓರೆಯಾಗಿ ಹೋದರೂ ಸಾಕು, ಉಳಿಗೆ ದಾರಿ ಸಿಗುತ್ತದೆ.

ಮಿಕ್ಕಿದ್ದನ್ನು ಉಳಿಯಿಂದ ಕೆತ್ತಲು ಒಂದು ಸಣ್ಣ ಸಹಾಯ ಮಾಡಿಕೊಳ್ಳಿ. ಅಂಗೈಯಗಲದ ಮರದ ತುಂಡಿನ ಒಂದು ಅಂಚನ್ನು 7ಕ್ಕೆ 1ರ ಇಳಿಜಾರಿಗೆ ಹತ್ತರಿ ಹೊಡೆಯಿರಿ. ಅದನ್ನು ಕಂಬದ ಮುಖದ ಮೇಲೆ, ತೋಡಿನ ಬಾಯಿಯ ಗೆರೆಗೆ ಸರಿಯಾಗಿ ಕ್ಲ್ಯಾಂಪ್ ಮಾಡಿ. ಉಳಿಯ ಚಪ್ಪಟೆ ಬೆನ್ನನ್ನು ಆ ಇಳಿಜಾರಿಗೆ ಒರಗಿಸಿ ಕೆಳಕ್ಕೆ ಒತ್ತಿದರೆ ಗೋಡೆ ಸರಿಯಾದ ಓರೆಯಲ್ಲೇ ಬರುತ್ತದೆ. ಕಣ್ಣಳತೆಯ ಮೇಲೆ ನಂಬಿಕೆ ಇಡಬೇಕಾದ ಕೆಲಸ ಇದಲ್ಲ. ಕೊನೆಗೆ ತಳವನ್ನು 14 ಮಿಮೀ ಆಳಕ್ಕೆ ಸಮ ಮಾಡಿ. ಮೂರೂ ತೋಡು ಕೊರೆದ ಮೇಲೂ ಕಂಬದ ನಡುವೆ ಸಾಕಷ್ಟು ಗಟ್ಟಿ ಮರ ಉಳಿಯುತ್ತದೆ. ಹಲಗೆಯ ಚಪ್ಪಟೆ ಮುಖ ಒಂದನ್ನು 1ನೇ ಕಾಲಿಗೆ ಕೊಟ್ಟಿದ್ದರೆ ಮೂರು ತೋಡಿನಲ್ಲಿ ಯಾವುದೂ ಅಂಟಿನ ಗೆರೆಯನ್ನು ಮುಟ್ಟುವುದಿಲ್ಲ.

ಕಾಲು ತೋಡಿನೊಳಗೆ ಅರ್ಧಕ್ಕಿಂತ ಹೆಚ್ಚು ಕೈಯಿಂದಲೇ ಜಾರಬೇಕು, ಆಮೇಲೆ ಕೊಡತಿಯ ಸಣ್ಣ ಏಟಿಗೆ ಹೋಗಬೇಕು. ಬಿಗಿಯಾದರೆ ಜೋರಾಗಿ ಹೊಡೆಯಬೇಡಿ, ಕಂಬ ಸೀಳುತ್ತದೆ. ತೋಡಿನ ಗೋಡೆಗೆ ಮೆತ್ತನೆಯ ಪೆನ್ಸಿಲ್ ಉಜ್ಜಿ, ಕಾಲು ಕೂರಿಸಿ ತೆಗೆಯಿರಿ. ಬಾಲದ ಮೇಲೆ ಎಲ್ಲಿ ಕಪ್ಪು ಹೊಳೆಯುತ್ತದೋ ಅಲ್ಲಿ ಮಾತ್ರ ಒಂದು ಸುರುಳಿ ತೆಗೆಯಿರಿ. ಬಾಲದ ಮೇಲಿನ ಅರ್ಧವನ್ನು ಎರಡೂ ಕಡೆ ಕೂದಲೆಳೆಯಷ್ಟು ಸಣ್ಣ ಮಾಡಿದರೆ ಇನ್ನೂ ಒಳ್ಳೆಯದು. ಆಗ ಜೋಡಣೆ ಕೊನೆಯಲ್ಲಷ್ಟೇ ಬಿಗಿಯುತ್ತದೆ, ಅಂಟು ಹಚ್ಚಿದ ಮೇಲೆ ಅರ್ಧ ದಾರಿಯಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಇದನ್ನೆಲ್ಲ ಒಳ್ಳೆಯ ಮರಕ್ಕೆ ಕೈ ಹಾಕುವ ಮೊದಲು ಚೂರು ಮರದಲ್ಲಿ ಒಂದು ಜೋಡಣೆ ಮಾಡಿ ನೋಡಿಬಿಡಿ.

ಮೂರೂ ಕೂತ ಮೇಲೆ ಕಾಲುಗಳ ಆಕಾರ ಬಿಡಿಸಿ. ಸಣ್ಣ ಅಲಗಿನ ಗರಗಸದಿಂದ ಗೆರೆಯ ಹೊರಗೆ ಕೊಯ್ದು, ಬಾಗಿಗೆ ಅರ ಮತ್ತು ಸ್ಪೋಕ್‌ಶೇವ್ (ಎರಡು ಹಿಡಿಯ ಪುಟ್ಟ ಹತ್ತರಿ) ಬಳಸಿ. ಮೂರನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ ಉಜ್ಜಿದರೆ ಒಂದೇ ಥರ ಬರುತ್ತವೆ. ಕಂಬಕ್ಕೆ ತಾಗುವ ಕಡೆ ಕಾಲಿನ ಕೆಳ ಅಂಚನ್ನು 30 ಮಿಮೀವರೆಗೆ ಚಪ್ಪಟೆಯಾಗಿ, ಕಂಬದ ಬುಡಕ್ಕೆ ಸಮನಾಗಿ ಬಿಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅಡ್ಡಪಟ್ಟಿ

ಮೇಲ್ಹಲಗೆಯನ್ನು ಹಿಡಿಯುವುದು ಇದು. ನಡುವೆ 32 ಮಿಮೀ ಚೌಕ ತೂತು. ಎರಡೂ ಮುಖದಿಂದ ಕೊರೆಯುತ್ತಾ ನಡುವೆ ಕೂಡಿಸಿ, ಒಂದೇ ಕಡೆಯಿಂದ ಹೋದರೆ ಆಚೆ ಮುಖ ಚಕ್ಕೆ ಏಳುತ್ತದೆ. ಕಂಬದ ಗೂಟ ತೂತಿನಿಂದ ಆಚೆ 2 ಮಿಮೀ ಹೊರಬರುತ್ತದೆ. ಗೂಟದಲ್ಲಿ ಒಂದು ಗರಗಸದ ಸೀಳು ಹಾಕಿ, ಕೂರಿಸಿದ ಮೇಲೆ ಬೆಣೆ ಹೊಡೆದು, ಮೇಲೆ ಉಳಿದದ್ದನ್ನು ಹತ್ತರಿಯಿಂದ ಸಮ ಮಾಡುವುದು. ಸೀಳಿನ ದಿಕ್ಕು ನೋಡಿಕೊಳ್ಳಿ. ಬೆಣೆಯ ಒತ್ತಡ ಪಟ್ಟಿಯ ಎಳೆಯ ಉದ್ದಕ್ಕೆ ಬೀಳಬೇಕು, ಅಡ್ಡಕ್ಕೆ ಬಿದ್ದರೆ ಪಟ್ಟಿಯೇ ಇಬ್ಭಾಗ. ಪಟ್ಟಿಯ ಎರಡು ತುದಿಗಳನ್ನು ಕೆಳಗಿನಿಂದ ಓರೆ ಮಾಡಿದರೆ ನಿಂತು ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಸ್ಕ್ರೂ ತೂತುಗಳು ಮುಖ್ಯ. ಮರ ಉದ್ದಕ್ಕೆ ಹಿಗ್ಗುವುದಿಲ್ಲ ಅಂದರೂ ನಡೆಯುತ್ತದೆ, ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ತೇಗದಂಥ ಶಾಂತ ಮರ ಕೂಡ 460 ಮಿಮೀ ಅಗಲದಲ್ಲಿ, ತೇವ ಜಾಸ್ತಿ ಇರುವ ಕಾಲಕ್ಕೂ ಒಣ ಕಾಲಕ್ಕೂ ನಡುವೆ 3–4 ಮಿಮೀ ಆಡಬಹುದು. ಅಡ್ಡಪಟ್ಟಿ ಮೇಲ್ಹಲಗೆಯ ಎಳೆಗೆ ಅಡ್ಡವಾಗಿ ಕೂರುವುದರಿಂದ ಈ ಆಟಕ್ಕೆ ಜಾಗ ಕೊಡಲೇಬೇಕು. ನಡುವಿನ ಎರಡು ಸ್ಕ್ರೂಗೆ ದುಂಡು ತೂತು. ನಡುವಿನಿಂದ 110 ಮಿಮೀ ದೂರದ ಹೊರ ಸ್ಕ್ರೂಗಳಿಗೆ ಪಟ್ಟಿಯ ಉದ್ದಕ್ಕೆ 10 ಮಿಮೀ ಉದ್ದದ ಸೀಳು ತೂತು, ಸ್ಕ್ರೂ ತಲೆಯ ಕೆಳಗೆ ವಾಷರ್. ಅಡ್ಡಪಟ್ಟಿಯನ್ನು ಹಲಗೆಗೆ ಅಂಟಿಸುವ ಆಸೆ ಬಂದರೆ ತಡೆದುಕೊಳ್ಳಿ. ಅಂಟಿಸಿದ ಹಲಗೆ ಒಣ ಕಾಲದಲ್ಲಿ ಸೀಳಿಯೇ ಸೀಳುತ್ತದೆ.

ಮೇಲ್ಹಲಗೆ

ಅಂಟಿಸುವ ಎರಡು ಹಲಗೆಗಳನ್ನು ಪುಸ್ತಕ ಮಡಚಿದ ಹಾಗೆ ಮುಖಕ್ಕೆ ಮುಖ ಸೇರಿಸಿ ಬಿಗಿದು, ಎರಡರ ಅಂಚನ್ನೂ ಒಟ್ಟಿಗೇ ಹತ್ತರಿ ಹೊಡೆಯಿರಿ. ಹತ್ತರಿ ಸ್ವಲ್ಪ ವಾಲಿದ್ದರೂ, ಬಿಡಿಸಿ ಅಂಚಿಗೆ ಅಂಚು ಸೇರಿಸಿದಾಗ ಒಂದರ ಓರೆಯನ್ನು ಇನ್ನೊಂದರ ಓರೆ ತೀರಿಸುತ್ತದೆ, ಹಲಗೆ ಚಪ್ಪಟೆಯಾಗಿಯೇ ಕೂರುತ್ತದೆ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮೊದಲು ಅಂಚನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ.

ಅಂಟು ಒಣಗಿದ ಮೇಲೆ ಕೆಳಮುಖದಲ್ಲಿ ವೃತ್ತ ಎಳೆಯಿರಿ. ದೊಡ್ಡ ಕೈವಾರ ಬೇಕಿಲ್ಲ, ಒಂದು ಪಟ್ಟಿ, ಒಂದು ಸಣ್ಣ ಮೊಳೆ, ಒಂದು ಪೆನ್ಸಿಲ್ ಸಾಕು. ಗರಗಸದಿಂದ ಮೊದಲು ನಾಲ್ಕು ಮೂಲೆ, ಆಮೇಲೆ ಎಂಟು ಮೂಲೆ ನೇರವಾಗಿ ಕೊಯ್ದರೆ ವೃತ್ತದ ಹತ್ತಿರ ಬಂದಿರುತ್ತೀರಿ. ಉಳಿದದ್ದು ಸ್ಪೋಕ್‌ಶೇವ್ ಕೆಲಸ. ಎಳೆಗೆ ಸಮನಾಗಿರುವ ಅಂಚಿನ ನಡುವಿನಿಂದ ಶುರು ಮಾಡಿ, ಎಳೆ ಕೊಯ್ದು ನಿಂತಿರುವ ತುದಿಯ ಕಡೆಗೆ ಹೊಡೆಯಿರಿ. ನಾಲ್ಕು ಕಾಲುಭಾಗಕ್ಕೂ ಹೀಗೇ. ತಿರುಗಾಮುರುಗಾ ಹೊಡೆದರೆ ಎಳೆ ಕಿತ್ತು ಬರುತ್ತದೆ.

20 ಮಿಮೀ ಅಂಚು ಈ ಗಾತ್ರದ ಮೇಜಿಗೆ ದಪ್ಪ ಅನ್ನಿಸುತ್ತದೆ. ಕೆಳಮುಖದಲ್ಲಿ ಅಂಚಿನಿಂದ 40 ಮಿಮೀ ಒಳಗೆ ಒಂದು ವೃತ್ತ ಎಳೆದು, ಅಲ್ಲಿಂದ ಹೊರಕ್ಕೆ ಓರೆಯಾಗಿ ಇಳಿಸಿ. ಅಂಚಿನಲ್ಲಿ 10 ಮಿಮೀ ಉಳಿಯಲಿ. ಹಲಗೆಯ ಗಟ್ಟಿತನ ಹಾಗೇ ಇರುತ್ತದೆ, ನೋಟಕ್ಕೆ ಅರ್ಧ ಹಗುರ.

ಅಂಟು, ತಗಡು, ಎಣ್ಣೆ

ಅಂಟು ಹಚ್ಚುವ ಮೊದಲೇ ಎಲ್ಲ ತುಂಡುಗಳನ್ನು 120, 180, 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ ಮುಗಿಸಿ. ಕಾಲು ಕೂತ ಮೇಲೆ ಆ ಸಂದುಗಳಿಗೆ ಕೈ ಹೋಗುವುದಿಲ್ಲ. ಜೋಡಣೆಯ ಮುಖಗಳನ್ನು ಮಾತ್ರ ಮುಟ್ಟಬೇಡಿ.

ಬಿಳಿ ಅಂಟು ಬಿಗಿ ಜೋಡಣೆಯಲ್ಲಿ ಬೇಗ ಹಿಡಿದುಬಿಡುತ್ತದೆ. ತೋಡಿನ ಗೋಡೆಗೆ ತೆಳ್ಳಗೆ ಹಚ್ಚಿ, ಒಂದು ಕಾಲು ಪೂರ್ತಿ ಕೂರಿಸಿದ ಮೇಲೆಯೇ ಇನ್ನೊಂದಕ್ಕೆ ಹಚ್ಚಿ. ಕ್ಲ್ಯಾಂಪ್ ಬೇಕಾಗುವುದಿಲ್ಲ. ಒಣಗಿದ ಮೇಲೆ ಮೂರು ಪಾದಗಳನ್ನೂ ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿ, ಕಂಬಕ್ಕೆ ತೂಕದ ದಾರ ಇಳಿಬಿಟ್ಟು ನೋಡಿ. ಮೂರು ಕಾಲು ಅಲ್ಲಾಡದಿದ್ದರೂ ಕಂಬ ವಾಲಿರಬಹುದು. ಯಾವ ಕಡೆಯಿಂದ ಆಚೆಗೆ ವಾಲಿದೆಯೋ ಆ ಕಡೆಯ ಪಾದ ಎತ್ತರ ಇದೆ ಅಂತ, ಅದರ ಅಡಿಯನ್ನು ಸ್ವಲ್ಪ ಕೆತ್ತಿ.

ಈಗ ಆ 30 ಮಿಮೀ ಚಪ್ಪಟೆ ಜಾಗದ ಕೆಲಸ. 2 ಮಿಮೀ ಉಕ್ಕಿನ ಅಥವಾ ಹಿತ್ತಾಳೆಯ ತಗಡಿನಲ್ಲಿ ಮೂರು ತೋಳಿನ ಆಕಾರ ಕತ್ತರಿಸಿ. ನಡುವಿನಿಂದ ಪ್ರತಿ ತೋಳಿನ ಉದ್ದ 60 ಮಿಮೀ. ಕಂಬದ ಬುಡಕ್ಕೆ ಇಟ್ಟರೆ ಮೂರು ಕಾಲಿನ ಕೆಳಮುಖಕ್ಕೂ ತೋಳು ತಲುಪುತ್ತದೆ. ಪ್ರತಿ ತೋಳಿಗೆ ಕಂಬದಲ್ಲಿ ಒಂದು, ಕಾಲಿನಲ್ಲಿ ಒಂದು ಸ್ಕ್ರೂ. ಕಂಬದ ಸ್ಕ್ರೂ ಎಳೆಯ ಉದ್ದಕ್ಕೆ ಇಳಿಯುವುದರಿಂದ ಅದರ ಹಿಡಿತ ಕಡಿಮೆ, ಅದಕ್ಕೆ 40 ಮಿಮೀ ಉದ್ದದ್ದು ಹಾಕಿ. ಕೆಳಭಾಗ ಬಾಯಿ ಬಿಡುವುದನ್ನು ಈ ತಗಡು ತಡೆಯುತ್ತದೆ. ಹಳೆಯ ಒಳ್ಳೆಯ ಮೇಜುಗಳನ್ನು ತಿರುವಿ ನೋಡಿದರೆ ಇಂಥದ್ದೊಂದು ಕಬ್ಬಿಣದ ತುಂಡು ಎಷ್ಟೋ ಸಲ ಸಿಗುತ್ತದೆ.

ಅಡ್ಡಪಟ್ಟಿಗೆ ಬೆಣೆ ಹೊಡೆದು, ಮೇಲ್ಹಲಗೆಯನ್ನು ತಲೆಕೆಳಗಾಗಿ ಕಂಬಳಿಯ ಮೇಲೆ ಮಲಗಿಸಿ ಸ್ಕ್ರೂ ಹಾಕಿ. ಪಟ್ಟಿ 25, ಹಲಗೆ 20 ಮಿಮೀ. 40 ಮಿಮೀ ಸ್ಕ್ರೂ ಹಾಕಿದರೆ ಹಲಗೆಯ ಮೇಲ್ಮುಖಕ್ಕೆ 5 ಮಿಮೀ ಮಾತ್ರ ಉಳಿಯುತ್ತದೆ. ಮೊದಲ ಸ್ಕ್ರೂ ಬಿಗಿಯುವ ಮುಂಚೆ ಪಕ್ಕದಲ್ಲಿ ಹಿಡಿದು ಅಳೆದುಕೊಳ್ಳಿ.

ಎಣ್ಣೆಯೋ ವಾರ್ನಿಷೋ ನಿಮ್ಮ ಇಷ್ಟ. ಹಲಗೆಯ ಮೇಲ್ಮುಖಕ್ಕೆ ಎಷ್ಟು ಕೋಟು ಹಚ್ಚುತ್ತೀರೋ ಕೆಳಮುಖಕ್ಕೂ ಅಷ್ಟೇ ಹಚ್ಚಿ. ಅದಕ್ಕೆ ಸ್ಕ್ರೂ ಹಾಕುವ ಮೊದಲೇ ಮಾಡಿದರೆ ಒಳ್ಳೆಯದು. ಒಂದೇ ಮುಖಕ್ಕೆ ಹಚ್ಚಿದರೆ ಇನ್ನೊಂದು ಮುಖ ಬೇಗ ತೇವ ಹೀರಿ ಹಲಗೆ ತಟ್ಟೆಯ ಹಾಗೆ ಬಾಗುತ್ತದೆ. ಅಗಸೆ ಎಣ್ಣೆ ಬಳಸಿದರೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬಯಲಲ್ಲಿ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ಒಂದು ವರ್ಷ ಕಳೆದ ಮೇಲೆ ಮೇಜನ್ನು ತಿರುವಿ ತಗಡಿನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ. ಅಡ್ಡಪಟ್ಟಿಯ ಸೀಳು ತೂತಿನ ಸ್ಕ್ರೂಗಳನ್ನು ಮಾತ್ರ ಗಟ್ಟಿ ಮಾಡಲು ಹೋಗಬೇಡಿ. ವಾಷರ್ ಬೆರಳಿನಿಂದ ತಳ್ಳಿದರೆ ಕಷ್ಟಪಟ್ಟು ಜರುಗುವಷ್ಟು ಬಿಗಿ ಸಾಕು.